ಹಳೆಯ ಕಮಾರೊಗೆ ಕಾಯಿಲ್‌ಓವರ್ ಹಾಕುವುದು ಹೇಗೆ?

ಕಾಯಿಲ್‌ಓವರ್ ಎಂದರೆ ಶಾಕ್ ಅಬ್ಸಾರ್ಬರಿನ ಮೇಲೇ ಸ್ಪ್ರಿಂಗ್ ಕೂರಿಸಿದ, ಎತ್ತರ ಹೊಂದಿಸಬಹುದಾದ ಜೋಡಣೆ. 1967ರಿಂದ 1969ರವರೆಗಿನ ಷೆವರ್ಲೆ ಕಮಾರೊದಲ್ಲಿ ಮುಂದಿನ ಸ್ಪ್ರಿಂಗ್ ಕೂರುವುದು ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು (ಲೋವರ್ ಆರ್ಮ್) ಮತ್ತು ಕಾರಿನ ಮುಂಭಾಗದ ಚೌಕಟ್ಟಾದ ಸಬ್‌ಫ್ರೇಮಿನ ಗುಳಿಯ ನಡುವೆ. ಶಾಕ್ ಅಬ್ಸಾರ್ಬರ್ ಅದರ ಹೊಟ್ಟೆಯೊಳಗೇ ಇರುತ್ತದೆ. ಹಾಗಾಗಿ ಈ ಕಾರಿಗೆ ಕಾಯಿಲ್‌ಓವರ್ ಹಾಕಲು ವೆಲ್ಡಿಂಗ್ ಬೇಕಿಲ್ಲ. ಸ್ಪ್ರಿಂಗಿನ ಮೇಲ್ತುದಿ ಅಗಲವಾಗಿದ್ದು ಹಳೆಯ ಗುಳಿಯಲ್ಲೇ ಕೂರುವಂಥ ಕಿಟ್ ಕೊಳ್ಳಿ. ಇಡೀ ಭಾರವನ್ನು ಶಾಕ್‌ನ ಮೇಲಿನ ತೂತಿಗೆ ಹೊರಿಸುವ ಅಗ್ಗದ ಕಿಟ್ ಬೇಡವೇ ಬೇಡ. ಆ ಜಾಗ ಶಾಕ್‌ನ ಎಳೆತ ತಡೆಯಲು ಮಾಡಿದ್ದೇ ಹೊರತು ಎಂಜಿನ್ ಹೊರಲು ಅಲ್ಲ.

ಚಿಕ್ಕ ವಿ8 ಎಂಜಿನ್ (ಸ್ಮಾಲ್ ಬ್ಲಾಕ್) ಇದ್ದರೆ ಒಂದು ಇಂಚು ಅದುಮಲು 450 ಪೌಂಡ್ ಬೇಕಾಗುವ ಸ್ಪ್ರಿಂಗ್, ಅದಕ್ಕಿಂತ ದೊಡ್ಡ ಬಿಗ್ ಬ್ಲಾಕ್‌ಗೆ 550 ಪೌಂಡ್ ಸ್ಪ್ರಿಂಗ್ ಸಾಕು. ಅದಕ್ಕೂ ಗಡಸು ಸ್ಪ್ರಿಂಗ್ ಊರೊಳಗೆ ಓಡಿಸುವವರ ಬೆನ್ನಿಗೆ ಶಿಕ್ಷೆ.

1. ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದಿಡಿ.

2. ಕಾರನ್ನು ಎತ್ತಿ, ಜಾಕ್ ಸ್ಟ್ಯಾಂಡನ್ನು ಸಬ್‌ಫ್ರೇಮಿನಡಿ ಕೊಡಿ. ಚಕ್ರ, ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಲಿಂಕ್, ಹಳೆಯ ಶಾಕ್ ಬಿಚ್ಚಿ.

3. ಸ್ಪ್ರಿಂಗ್ ತೆಗೆಯುವಾಗ ಅವಸರ ಮಾಡಿದರೆ ಕೈ ಹೋಗುತ್ತದೆ. ಮೊದಲು ಸ್ಪ್ರಿಂಗಿನೊಳಗಿಂದ ಸರಪಳಿ ತೂರಿಸಿ ಫ್ರೇಮಿಗೆ ಸುತ್ತಿ ಬೋಲ್ಟ್ ಹಾಕಿ. ಲೋವರ್ ಆರ್ಮ್‌ಗೆ ಜಾಕ್ ಆನಿಸಿ. ಆರ್ಮನ್ನು ನಕಲ್‌ಗೆ (ಚಕ್ರ ಕೂರುವ ತುಂಡು) ಸೇರಿಸುವ ಕೆಳಗಿನ ಬಾಲ್ ಜಾಯಿಂಟಿನ ನಟ್ ಸಡಿಲಿಸಿ, ಆದರೆ ಮೂರ‍್ನಾಲ್ಕು ಸುತ್ತು ಉಳಿಸಿ. ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಎರಡೇಟು ಬಿಗಿಯಾಗಿ ಹೊಡೆದರೆ ಜಾಯಿಂಟ್ ಟಪ್ಪೆಂದು ಬಿಟ್ಟುಕೊಳ್ಳುತ್ತದೆ. ಜಾಯಿಂಟಿನ ನಡುವೆ ಕವಲು ಉಳಿ (ಫೋರ್ಕ್) ಬಡಿದು ಕೀಳುವವರಿದ್ದಾರೆ. ಅದು ರಬ್ಬರ್ ಬೂಟನ್ನು ಹರಿದುಹಾಕುತ್ತದೆ. ಜಾಕ್ ತುಸು ಏರಿಸಿ ನಟ್ ಪೂರ್ತಿ ತೆಗೆದು, ನಿಧಾನವಾಗಿ ಇಳಿಸಿ. ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ನಕಲನ್ನು ತಂತಿಯಿಂದ ಕಟ್ಟಿ.

4. ಹೊಸ ಶಾಕ್‌ನ ಕೆಳಗಿನ ಅಡ್ಡಪಟ್ಟಿ ಲೋವರ್ ಆರ್ಮಿನ ಮೇಲೆ ಕೂರಬೇಕು. ಹಳೆಯದು ಅಡಿಯಿಂದ ಬೋಲ್ಟ್ ಆಗಿತ್ತೆಂದು ಇದನ್ನೂ ಹಾಗೇ ಹಾಕಿದರೆ ಕಾರಿನ ತೂಕವೆಲ್ಲ ಎರಡು ಸಣ್ಣ ಬೋಲ್ಟ್‌ಗೆ ಜೋತುಬೀಳುತ್ತದೆ.

5. ಹೆಚ್ಚಿನವರು ಎಡವುವುದು ಎತ್ತರ ಹೊಂದಿಸುವಲ್ಲಿ. ಸ್ಪ್ರಿಂಗ್ ಕೂರುವ, ಎತ್ತರ ಹೊಂದಿಸುವ ಬಳೆಯನ್ನು (ಕಾಲರ್) ತಿರುಗಿಸಿ ಕಣ್ಣಿಗೆ ಚೆಂದ ಕಂಡಲ್ಲಿ ನಿಲ್ಲಿಸಿಬಿಡುತ್ತಾರೆ. ಶಾಕ್ ಒಳಗೆ ಎಲ್ಲಿ ನಿಂತಿದೆಯೆಂದು ನೋಡುವುದಿಲ್ಲ. ಸ್ಪ್ರಿಂಗ್ ಇಲ್ಲದೆ ಬರೀ ಶಾಕ್ ಕೂರಿಸಿ, ಬಾಲ್ ಜಾಯಿಂಟ್ ಸೇರಿಸಿ. ಬೇಕಾದ ಎತ್ತರಕ್ಕೆ ಬರುವಷ್ಟು ಆರ್ಮನ್ನು ಜಾಕಿನಿಂದ ಎತ್ತಿ, ಶಾಕ್‌ನ ಉದ್ದ ಅಳೆಯಿರಿ. ಮುಚ್ಚಿದಾಗ 9 ಇಂಚು, ಪೂರ್ತಿ ಬಿಚ್ಚಿಕೊಂಡಾಗ 13 ಇಂಚು ಇರುವ ಶಾಕ್ ಎಂದುಕೊಳ್ಳಿ. ಕಾರು ನಿಂತಾಗ ಅದು 11.4 ಇಂಚಿನ ಸುಮಾರಿಗಿರಬೇಕು: ಒಳಹೋಗಲು ಶೇಕಡ 60, ಹೊರಬರಲು 40. ಅಳತೆ 10ರ ಹತ್ತಿರ ಬಂತೆಂದರೆ ನೀವು ಕಾರನ್ನು ಅತಿಯಾಗಿ ಇಳಿಸಲು ಹೊರಟಿದ್ದೀರಿ. ಪ್ರತಿ ಗುಂಡಿಯಲ್ಲೂ ಬಂಪ್ ಸ್ಟಾಪ್ (ಆರ್ಮಿನ ಚಲನೆಯ ಕೊನೆಯಲ್ಲಿ ತಡೆಯುವ ರಬ್ಬರ್) ಕುಟ್ಟುತ್ತದೆ. ಬಂಪ್ ಸ್ಟಾಪನ್ನೇ ಕಿತ್ತೆಸೆಯುವುದು ಪರಿಹಾರವಲ್ಲ, ಆಮೇಲೆ ಒಡೆಯುವುದು ಶಾಕ್.

ಈಗ ಸ್ಪ್ರಿಂಗ್ ಹಾಕಿ. ಕಾಲರಿನ ಮರೆಗೆ (ತಿರುಪಿನ ಸುತ್ತುಗಳಿಗೆ) ಕಚ್ಚಿಕೊಳ್ಳದಂತೆ ಆ್ಯಂಟಿ ಸೀಜ್ ಲೇಪ ಬಳಿಯಿರಿ. ಒಣ ಅಲ್ಯೂಮಿನಿಯಂ ಮರೆ ಕಚ್ಚಿಕೊಂಡರೆ ಬಿಡಿಸಲಾಗದು. ಭಾರದಲ್ಲೂ ಕಾಲರ್ ಸುಲಭವಾಗಿ ತಿರುಗಲು ಸ್ಪ್ರಿಂಗಿನಡಿ ಥ್ರಸ್ಟ್ ಬೇರಿಂಗ್ ಇಡಿ. ಸ್ಪ್ರಿಂಗ್ ಆರ್ಮಿನ ಹೆಚ್ಚುಕಮ್ಮಿ ನಡುವಿನಲ್ಲಿರುವುದರಿಂದ ಕಾಲರ್ ಕಾಲು ಇಂಚು ಏರಿದರೆ ಕಾರು ಅರ್ಧ ಇಂಚಿನಷ್ಟು ಏಳುತ್ತದೆ. ತಿರುಗಿಸುವ ಮುನ್ನ ಲಾಕ್ ಸ್ಕ್ರೂ ಸಡಿಲಿಸಿ, ಚಕ್ರವನ್ನು ನೆಲದಿಂದ ಎತ್ತಿರಿ.

ಇಳಿಸಿದ ಕೂಡಲೇ ಅಳೆಯಬೇಡಿ. ಟೈರುಗಳು ನೆಲ ಹಿಡಿದು ಕಾರು ಎತ್ತರದಲ್ಲೇ ಸಿಕ್ಕಿಕೊಂಡಿರುತ್ತದೆ. ಹಿಂದೆ ಮುಂದೆ ನಾಲ್ಕು ಮೀಟರ್ ತಳ್ಳಿ, ಬಂಪರ್ ಒತ್ತಿ ಬಿಟ್ಟು, ಆಮೇಲೆ ಟೇಪ್ ಹಿಡಿಯಿರಿ.

6. ಆರ್ಮ್ ತಿರುಗುವ ಕಡೆಯ ರಬ್ಬರ್ ಬುಷ್‌ಗಳ ಬೋಲ್ಟ್ ಸಡಿಲಿಸಿದ್ದರೆ, ಕಾರು ತನ್ನ ಭಾರದಲ್ಲಿ ನಿಂತಾಗಲೇ ಬಿಗಿ ಮಾಡಿ. ತೂಗಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಬಾಲ್ ಜಾಯಿಂಟಿನ ನಟ್ ಕಳಚದಂತೆ ಹಿಡಿಯುವ ಕಾಟರ್ ಪಿನ್ ತೂತು ಕೂಡದಿದ್ದರೆ ನಟ್ ಇನ್ನಷ್ಟು ಬಿಗಿಯಿರಿ, ಸಡಿಲಿಸಬೇಡಿ. ಪಿನ್ ಹೊಸದೇ ಇರಲಿ.

7. ಸ್ಪ್ರಿಂಗ್ ತಳವೂರಲು ಒಂದೆರಡು ನೂರು ಕಿಲೋಮೀಟರ್ ಓಡಿಸಿ, ಎತ್ತರ ಮತ್ತೆ ನೋಡಿ, ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿ. ಈಗಿನ ರೇಡಿಯಲ್ ಟೈರಿಗೆ ಕ್ಯಾಂಬರ್ (ಚಕ್ರ ಒಳಕ್ಕೆ ಅಥವಾ ಹೊರಕ್ಕೆ ವಾಲುವ ಕೋನ) ಮೈನಸ್ ಅರ್ಧ ಡಿಗ್ರಿ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ) ಪ್ಲಸ್ 3ರ ಆಸುಪಾಸು ಇರಲಿ. ಅಂಗಡಿಯವರು ಹಳೆಯ ಪುಸ್ತಕದ ಅಂಕಿ ಹಾಕಲು ಹೊರಟರೆ ಒಪ್ಪಬೇಡಿ. ಅವು ರೇಡಿಯಲ್‌ಗೂ ಮುಂಚಿನ ಬಯಾಸ್ ಪ್ಲೈ ಟೈರಿನ ಕಾಲದವು.