ಗೋಲ್ಡನ್‌ಐ 007: ದಾವಣಗೆರೆಯ ನಮ್ಮ ಮನೆಯಲ್ಲಿ ಆಡಿದ್ದು, ಆಡಿಸಿದ್ದು, ಕೇಳಿಸಿಕೊಂಡಿದ್ದು

ಗೋಲ್ಡನ್‌ಐ 007 ಅನ್ನುವ ಜೇಮ್ಸ್ ಬಾಂಡ್ ಶೂಟಿಂಗ್ ವಿಡಿಯೊ ಗೇಮ್ ಈಗ ಆಡೋಕೆ ಆಗಲ್ಲ, ತುಂಬಾ ಹಳೆಯದಾಯಿತು ಅನ್ನುವವರನ್ನು ಸ್ವಲ್ಪ ಕೆದಕಿ ನೋಡಿ. ಹೆಚ್ಚಿನವರು ಮೊದಲ ಲೆವೆಲ್ಲನ್ನು ಸುಲಭದ ಮೋಡ್‌ನಲ್ಲಿ, ಕಂಟ್ರೋಲ್ ಸೆಟ್ಟಿಂಗ್ ಮುಟ್ಟದೆ, ಹತ್ತು ನಿಮಿಷ ಆಡಿ ಬಿಟ್ಟವರೇ ಆಗಿರುತ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಆದರೆ ಅದು ಕೈಯ ಸಿಟ್ಟು, ಆಟದ ಮೇಲಿನ ತೀರ್ಪಲ್ಲ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ವಿದ್ಯಾನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನಗಳಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಕೂರಿಸಿ ಇದೇ ಆಟ ಆಡಿಸಿದ್ದೇನೆ, ಅವರು ಬೈದದ್ದನ್ನೂ ಹೊಗಳಿದ್ದನ್ನೂ ಕೇಳಿದ್ದೇನೆ, ಮತ್ತೆ ನಾನೂ ಆಡುತ್ತಲೇ ಇದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಂಗ್ಲೆಂಡಿನ ರೇರ್ ಕಂಪನಿ ಮಾಡಿದ್ದು, ನಿಂಟೆಂಡೊ 64 ಕನ್ಸೋಲ್‌ಗೆ. ಮಾರ್ಟಿನ್ ಹಾಲಿಸ್ ನಿರ್ದೇಶಕ. ಬಂದದ್ದು 1997ರ ಆಗಸ್ಟ್‌ನಲ್ಲಿ, ಅಂದರೆ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆದ ಅದೇ ತಿಂಗಳು. 80 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಮಾಡಿದ ತಂಡ ತುಂಬಾ ಸಣ್ಣದು, ಅದರಲ್ಲಿ ಬಹಳ ಜನರಿಗೆ ಅದೇ ಮೊದಲ ಆಟ. ಆಗ ಶೂಟಿಂಗ್ ಆಟ ಅಂದರೆ ಕಂಪ್ಯೂಟರ್, ಕೀಬೋರ್ಡ್, ಮೌಸ್. ಟಿವಿ ಮುಂದೆ ಕೂತು ಕೈಯಲ್ಲಿ ಕಂಟ್ರೋಲರ್ ಹಿಡಿದು ಈ ತರದ ಆಟ ಚೆನ್ನಾಗಿ ಆಡಬಹುದು ಅಂತ ಜನ ನಂಬಿದ್ದು ಇದು ಬಂದ ಮೇಲೆಯೇ.

ನನ್ನ ಹತ್ತಿರ ಇರುವ ಕನ್ಸೋಲ್ ಅಮೆರಿಕದ್ದು, ಸೋದರಮಾವ ತಂದುಕೊಟ್ಟದ್ದು. ಅಮೆರಿಕದ ಕನ್ಸೋಲನ್ನು ನಮ್ಮೂರಿನಲ್ಲಿ ಆನ್ ಮಾಡುವುದೇ ಒಂದು ಕೆಲಸ. ಅದರ ಅಡಾಪ್ಟರ್ 120 ವೋಲ್ಟ್‌ನದು, ನಮ್ಮ ಗೋಡೆಯಲ್ಲಿ 230 ಬರುತ್ತದೆ. ನೇರ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆಮೇಲೆ ಟಿವಿ. ಅಮೆರಿಕದ ಸಿಗ್ನಲ್ ಎನ್‌ಟಿಎಸ್‌ಸಿ, ನಮ್ಮ ಹಳೇ ಟಿವಿಗಳು ಪಾಲ್. ಎರಡನ್ನೂ ಓದುವ ಟಿವಿ ಇಲ್ಲದಿದ್ದರೆ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ, ಇಲ್ಲವೇ ಉರುಳುತ್ತಾ ಇರುತ್ತದೆ. ನಮ್ಮ ಮನೆಯ 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಎರಡನ್ನೂ ಓದುತ್ತದೆ, ಅದಕ್ಕೇ ಅದನ್ನು ಇನ್ನೂ ಗುಜರಿಗೆ ಹಾಕಿಲ್ಲ. ಹೊಸ ಎಲ್‌ಇಡಿ ಟಿವಿಗೂ ಹಾಕಿ ನೋಡಿದೆ. ಚಿತ್ರ ಮಸುಕು, ಜೊತೆಗೆ ಬಟನ್ ಒತ್ತಿದ್ದಕ್ಕೂ ಗುಂಡು ಹಾರುವುದಕ್ಕೂ ನಡುವೆ ಒಂದು ಚಿಕ್ಕ ತಡ. ಈ ಆಟದಲ್ಲಿ ಆ ತಡ ತುಂಬಾ ಕಾಡುತ್ತದೆ.

ಕಂಟ್ರೋಲರ್ ಕಡೆಗೂ ಗಮನ ಬೇಕು. ನಿಂಟೆಂಡೊ 64ರ ಕಂಟ್ರೋಲರ್‌ಗೆ ಒಂದೇ ಸ್ಟಿಕ್. ಅದರ ಕೆಳಗೆ ಪ್ಲಾಸ್ಟಿಕ್ ಬಟ್ಟಲು ಇದೆ, ಸ್ಟಿಕ್ ತಿರುಗಿದ ಹಾಗೆಲ್ಲ ಅದು ಸವೆಯುತ್ತದೆ. ಬಿಚ್ಚಿ ನೋಡಿದರೆ ಒಳಗೆ ಸಣ್ಣಗೆ ಬಿಳಿ ಪುಡಿ ಕೂತಿರುತ್ತದೆ, ಅದು ಧೂಳಲ್ಲ, ಸವೆದ ಪ್ಲಾಸ್ಟಿಕ್. ಹಾಗೆ ಸವೆದ ಸ್ಟಿಕ್ ನಡುವೆ ನಿಲ್ಲುವುದಿಲ್ಲ, ಸಡಿಲವಾಗಿ ಅತ್ತಿತ್ತ ಬೀಳುತ್ತದೆ. ಅಂಥ ಕಂಟ್ರೋಲರ್‌ನಲ್ಲಿ ಆಡಿ ಗುರಿ ಕೂರಲ್ಲ ಅಂದವರನ್ನು ನಾನು ನೋಡಿದ್ದೇನೆ. ಕೂರುವುದಾದರೂ ಹೇಗೆ? ಸ್ಟಿಕ್‌ನ ಭಾಗ ಬದಲಿಸಿಕೊಂಡು ಆಮೇಲೆ ಆಡಿ. ಆಟವಿರುವ ಕ್ಯಾಸೆಟ್‌ನ ತಾಮ್ರದ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು, ಬಾಯಿಂದ ಊದಬೇಡಿ. ಒಂದು ಒಳ್ಳೆ ವಿಷಯ ಅಂದರೆ ಈ ಕ್ಯಾಸೆಟ್‌ನಲ್ಲಿ ಸೇವ್ ಉಳಿಯುವುದು ಕರೆಂಟ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಇಇಪ್ರಾಮ್ ಚಿಪ್‌ನಲ್ಲಿ, ಬ್ಯಾಟರಿಯಲ್ಲಿ ಅಲ್ಲ. ಹಾಗಾಗಿ ಎಷ್ಟೋ ವರ್ಷದ ಹಿಂದೆ ಮುಗಿಸಿದ ಲೆವೆಲ್ಲುಗಳು ಹಾಗೇ ಇವೆ.

ಇಷ್ಟೆಲ್ಲ ಒದ್ದಾಟ ಬೇಡ ಅನ್ನುವವರಿಗೆ ಈಗ ದಾರಿ ಇದೆ. 2023ರ ಜನವರಿ 27ರಂದು ಈ ಆಟ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ಗೂ ನಿಂಟೆಂಡೊ ಸ್ವಿಚ್‌ನ ಆನ್‌ಲೈನ್ ಎಕ್ಸ್‌ಪ್ಯಾನ್ಶನ್ ಪ್ಯಾಕ್ ಚಂದಾದಾರರಿಗೂ ಮತ್ತೆ ಬಂತು. ನಾನು ಎಕ್ಸ್‌ಬಾಕ್ಸ್‌ನಲ್ಲಿ ಆಡುತ್ತೇನೆ. ಎರಡು ಸ್ಟಿಕ್, ಸ್ವಚ್ಛ ಚಿತ್ರ, ನಾಲ್ಕು ಜನ ಆಡಿದರೂ ನಿಧಾನ ಆಗುವುದಿಲ್ಲ. ಆನ್‌ಲೈನ್ ಮಾತ್ರ ಸ್ವಿಚ್‌ನಲ್ಲಷ್ಟೇ ಇದೆ, ಎಕ್ಸ್‌ಬಾಕ್ಸ್‌ನಲ್ಲಿ ಇಲ್ಲ. ನನಗೆ ಅದರಿಂದ ಬೇಜಾರಿಲ್ಲ, ಈ ಆಟಕ್ಕೆ ಜನ ಒಂದೇ ಕೋಣೆಯಲ್ಲಿ ಇರಬೇಕು.

ಈಗ ಕೈಯ ಮಾತು. ಹಳೇ ಕನ್ಸೋಲ್‌ನಲ್ಲಿ ಮೊದಲಿಂದ ಇರುವ ಸೆಟ್ಟಿಂಗ್ 1.1, ಅದರ ಹೆಸರು ಹನಿ. ಅದರಲ್ಲಿ ಸ್ಟಿಕ್ ಮುಂದೆ ತಳ್ಳಿದರೆ ಬಾಂಡ್ ನಡೆಯುತ್ತಾನೆ, ಪಕ್ಕಕ್ಕೆ ತಳ್ಳಿದರೆ ತಿರುಗುತ್ತಾನೆ. ಈಗಿನ ಆಟ ಆಡಿದವರಿಗೆ ಇದು ಬಗ್ಗುವುದೇ ಇಲ್ಲ. 1.2ಕ್ಕೆ ಬದಲಿಸಿ, ಅದು ಸಾಲಿಟೇರ್. ಅದರಲ್ಲಿ ಹಳದಿ ಸಿ ಬಟನ್‌ಗಳಿಂದ ನಡಿಗೆ, ಸ್ಟಿಕ್‌ನಿಂದ ನೋಟ. ಕೀಬೋರ್ಡ್, ಮೌಸ್ ಆಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ಇನ್ನೊಂದು, ಮೇಲೆ ಕೆಳಗೆ ನೋಡುವುದು ಇಲ್ಲಿ ಮೊದಲಿಂದ ಉಲ್ಟಾ ಇರುತ್ತದೆ, ಅದನ್ನೂ ನೇರ ಮಾಡಿಕೊಳ್ಳಬಹುದು. ಇನ್ನೂ ಒಂದು ಇದೆ, ಬಹಳ ಜನಕ್ಕೆ ಗೊತ್ತಿಲ್ಲ: 2 ಎಂದು ಶುರುವಾಗುವ ಸೆಟ್ಟಿಂಗ್‌ಗಳಲ್ಲಿ ಒಬ್ಬನೇ ಎರಡು ಕಂಟ್ರೋಲರ್ ಹಿಡಿದು, ಎರಡು ಕೈಗೆ ಎರಡು ಸ್ಟಿಕ್ ಇಟ್ಟುಕೊಂಡು ಆಡಬಹುದು. 1997ರಲ್ಲೇ ಇದನ್ನು ಯೋಚಿಸಿದ್ದರು ಅಂದರೆ ನನಗೆ ಈಗಲೂ ಮೆಚ್ಚುಗೆ.

ಅಕ್ಕನ ಮಗ ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾನೆ, ದಿನಾ ಫೋನಿನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಆಟ ಆಡುವವನು. ಅವನ ಮೊದಲ ಮಾತು, "ಮಾಮ, ಜಂಪ್ ಎಲ್ಲಿ?" ಜಂಪ್ ಇಲ್ಲ. ಓಡುವ ಬಟನ್ನೂ ಇಲ್ಲ. ಅವನಿಗೆ ಅದೊಂದು ದೊಡ್ಡ ಕೊರತೆ ಅನಿಸಿತು, ಆ ದಿನವೆಲ್ಲ ಅದನ್ನೇ ಹೇಳಿದ. ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯನೊಬ್ಬ ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ ಆಡಿ ಬೆಳೆದವನು, ಅವನ ಆಕ್ಷೇಪ ಬೇರೆ. ಗುರಿ ತಾನಾಗಿಯೇ ಕೂರುತ್ತದೆ, ಹಾಗಾದರೆ ನಾನು ಇಲ್ಲಿ ಏನು ಮಾಡುತ್ತಿದ್ದೇನೆ ಅಂದ. ಆಟೊ ಏಮ್ ಆಫ್ ಮಾಡಿ ಕೊಟ್ಟೆ. ಆಮೇಲೆ ಅವನು ಸುಮ್ಮನೆ ಕೂತು ಒಂದೊಂದು ಕಾವಲುಗಾರನಿಗೂ ಬೇರೆ ಬೇರೆ ಕಡೆ ಹೊಡೆದು ನೋಡಿದ. ಕಾಲಿಗೆ ಹೊಡೆದರೆ ಕುಂಟುತ್ತಾ ಎಗರುತ್ತಾನೆ, ಕೈಗೆ ಹೊಡೆದರೆ ಕೈ ಹಿಡಿದುಕೊಳ್ಳುತ್ತಾನೆ, ತಲೆಗೆ ಒಂದೇ ಗುಂಡು. ವರ್ಚುವಾ ಕಾಪ್ ಅನ್ನುವ ಆರ್ಕೇಡ್ ಆಟದಿಂದ ತಂಡ ಈ ವಿಷಯ ಕಲಿತದ್ದು, ಹಾಲಿಸ್ ಅವರೇ ಅದನ್ನು ಹೇಳಿದ್ದಾರೆ.

ಹಿರಿಯೂರಿನಿಂದ ಬರುವ ಗೆಳೆಯ ಹೇಲೋ ಅನ್ನುವ ಶೂಟಿಂಗ್ ಆಟದ ಭಕ್ತ. 2001ರಲ್ಲಿ ಹೇಲೋ ಬಂದ ಮೇಲೆ ಇದನ್ನು ಆಡುವ ಅಗತ್ಯವೇ ಇಲ್ಲ ಅನ್ನುವುದು ಅವನ ವಾದ. ಹೇಲೋದಲ್ಲಿ ಸ್ವಲ್ಪ ಹೊತ್ತು ಅಡಗಿ ಕೂತರೆ ಶೀಲ್ಡ್ ಮತ್ತೆ ತುಂಬುತ್ತದೆ. ಇಲ್ಲಿ ಹೋದ ಜೀವ ಹೋದದ್ದೇ. ಎಲ್ಲೋ ಒಂದು ಕಡೆ ರಕ್ಷಾಕವಚ ಸಿಕ್ಕರೆ ಸಿಕ್ಕಿತು, ಔಷಧಿ ಪೆಟ್ಟಿಗೆ ಅನ್ನುವುದೇ ಇಲ್ಲ. ಅವನಿಗೆ ಇದು ಅನ್ಯಾಯ. ನನಗೆ ಇದೇ ಆಟದ ಜೀವ. ಲೆವೆಲ್ಲಿನ ಶುರುವಿನಲ್ಲಿ ತಿಂದ ಒಂದು ಗುಂಡು ಕೊನೆಯ ಬಾಗಿಲಿನಲ್ಲಿ ನಿಮ್ಮನ್ನು ಕೊಲ್ಲುತ್ತದೆ, ಹಾಗಾಗಿ ಪ್ರತಿ ಮೂಲೆಯಲ್ಲೂ ನಿಂತು ಯೋಚಿಸುತ್ತೀರಿ. ಆಟ ನಿಲ್ಲಿಸಿದರೆ ಕೈಗಡಿಯಾರ ಮುಖದ ಹತ್ತಿರ ಬರುತ್ತದೆ, ಒಂದು ಪಕ್ಕ ಉಳಿದ ಜೀವ, ಇನ್ನೊಂದು ಪಕ್ಕ ಕವಚ. ಅದನ್ನು ನೋಡುವಾಗ ಆಗುವ ಆತಂಕ ಹೇಲೋದಲ್ಲಿ ನನಗೆ ಯಾವತ್ತೂ ಆಗಿಲ್ಲ.

ಆದರೆ ನಾನು ಎಲ್ಲರಿಗೂ ತೋರಿಸಬೇಕಾಗಿದ್ದು ಡ್ಯಾಮ್ ಲೆವೆಲ್ಲನ್ನು. ಮೊದಲನೆಯ ಲೆವೆಲ್, ಒಂದು ದೊಡ್ಡ ಅಣೆಕಟ್ಟು. ಎಲ್ಲಕ್ಕಿಂತ ಸುಲಭದ ಏಜೆಂಟ್ ಮೋಡ್‌ನಲ್ಲಿ ಕೆಲಸ ಒಂದೇ: ಅಲ್ಲಿಯವರೆಗೆ ಹೋಗಿ ಹಗ್ಗ ಕಟ್ಟಿಕೊಂಡು ಕೆಳಗೆ ಧುಮುಕು. ಅಕ್ಕನ ಮಗ ಇದನ್ನು ಮುಗಿಸಿ, ಇಷ್ಟೇನಾ ಅಂದ. ಅದಕ್ಕಿಂತ ಕಷ್ಟದ ಸೀಕ್ರೆಟ್ ಏಜೆಂಟ್ ಮೋಡ್‌ನಲ್ಲಿ ಆಡು ಅಂದೆ. ಈಗ ಅಲಾರ್ಮ್‌ಗಳನ್ನೆಲ್ಲ ಒಡೆಯಬೇಕು, ಅವು ಎಲ್ಲಿವೆ ಅಂತ ಹುಡುಕಬೇಕು. ಆಮೇಲೆ ಇನ್ನೂ ಕಷ್ಟದ 00 ಏಜೆಂಟ್. ಈಗ ರಹಸ್ಯ ಮೋಡೆಮ್ ಅಂಟಿಸಬೇಕು, ಡೇಟಾ ಬ್ಯಾಕಪ್ ಕದಿಯಬೇಕು, ಅದಕ್ಕಾಗಿ ಏಣಿ ಇಳಿದು ಅಣೆಕಟ್ಟಿನ ಹೊಟ್ಟೆಯೊಳಗೆ ಹೋಗಬೇಕು. ಮೊದಲ ಸಲ ಅವನು ದಾಟಿಹೋಗಿದ್ದ ಕೆಳಗಿನ ಸುರಂಗ ಈಗ ಕೆಲಸಕ್ಕೆ ಬಂತು! ಅದೇ ಜಾಗ, ಮೂರು ಬೇರೆ ಆಟ. ಈಗಿನ ಬಹಳಷ್ಟು ಆಟಗಳಲ್ಲಿ ಕಷ್ಟದ ಮೋಡ್ ಅಂದರೆ ಶತ್ರುಗಳಿಗೆ ಜಾಸ್ತಿ ಜೀವ, ನಿಮಗೆ ಕಡಿಮೆ ಜೀವ, ಅಷ್ಟೇ. ಇಲ್ಲಿ ಕಷ್ಟ ಹೆಚ್ಚಾದಂತೆ ಕೆಲಸವೂ ಹೆಚ್ಚುತ್ತದೆ, ಲೆವೆಲ್ ದೊಡ್ಡದಾಗುತ್ತಾ ಹೋಗುತ್ತದೆ. ಹಾಗಾಗಿ ಏಜೆಂಟ್ ಮೋಡ್ ಒಂದನ್ನೇ ಆಡಿ ಅಭಿಪ್ರಾಯ ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. (ಹಿರಿಯೂರಿನವನಿಗೆ ಆ ಅಣೆಕಟ್ಟಿನ ಮೇಲೆ ನಡೆಯುವಾಗ ಮಾರಿಕಣಿವೆ ನೆನಪಾಯಿತಂತೆ. ಹೇಲೋ ಬಿಟ್ಟು ಬೇರೆ ಆಟದ ಬಗ್ಗೆ ಅವನು ಪ್ರೀತಿಯಿಂದ ಹೇಳಿದ ಮೊದಲ ಮಾತು ಅದು.)

ಎರಡನೆಯದು ಫೆಸಿಲಿಟಿ. ಇದರ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಇದನ್ನು 00 ಏಜೆಂಟ್‌ನಲ್ಲಿ 2 ನಿಮಿಷ 5 ಸೆಕೆಂಡಿನ ಒಳಗೆ ಮುಗಿಸಿದರೆ ಸಾವೇ ಇಲ್ಲದ ಚೀಟ್ (ಆಟ ಕೊಡುವ ವಿಶೇಷ ಅನುಕೂಲ) ಸಿಗುತ್ತದೆ. ಶೌಚಾಲಯದ ಮೇಲಿನ ಗಾಳಿ ಕೊಳವೆಯಲ್ಲಿ ಶುರು, ಕೆಳಗೆ ಇಳಿದು, ಮೆಟ್ಟಿಲು ದಾಟಿ, ಭದ್ರತಾ ಬಾಗಿಲು ತೆರೆದು ಪ್ರಯೋಗಾಲಯಗಳ ಕಡೆ ಓಡಬೇಕು. ಅಲ್ಲಿ ಡಾಕ್ಟರ್ ಡೋಕ್ ಅನ್ನುವ ಗೂಢಚಾರ ವಿಜ್ಞಾನಿ ಇದ್ದಾನೆ, ಬಾಗಿಲು ತೆರೆಯುವ ಡೀಕೋಡರ್ ಅವನ ಹತ್ತಿರ. ತೊಂದರೆ ಅಂದರೆ ಅವನು ಒಂದೇ ಕಡೆ ನಿಲ್ಲುವುದಿಲ್ಲ. ಪ್ರತಿ ಸಲ ಶುರು ಮಾಡಿದಾಗಲೂ ಆಟ ಅವನನ್ನು ಬೇರೆ ಬೇರೆ ಜಾಗದಲ್ಲಿ ಇಡುತ್ತದೆ. ದೂರದ ಮೂಲೆಯಲ್ಲಿದ್ದರೆ ಆ ಓಟ ಅಲ್ಲಿಗೇ ಮುಗಿದ ಹಾಗೆ. ಆ ಪಾತ್ರಕ್ಕೆ ಇಟ್ಟದ್ದು ಈ ಆಟ ಮಾಡಿದ ತಂಡದ ಡೇವಿಡ್ ಡೋಕ್ ಅವರ ಹೆಸರು.

ನಾನು ಮಾಡಿದ್ದು ಹೀಗೆ. ಮೊದಲು ಗಡಿಯಾರ ಮರೆತು ಲೆವೆಲ್ ಪೂರ್ತಿ ಬಾಯಿಪಾಠ ಆಗುವವರೆಗೆ ಆಡಿದೆ, ಯಾವ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಅನ್ನುವುದೂ ಸೇರಿ. ಆಮೇಲೆ ಓಟ. ಮುಂದಿನ ಬಟನ್ ಜೊತೆ ಪಕ್ಕದ ಬಟನ್ನನ್ನೂ ಒತ್ತಿ ಓರೆಯಾಗಿ ಓಡಿದರೆ ನೇರ ಓಟಕ್ಕಿಂತ ವೇಗ ಜಾಸ್ತಿ, ಇದು ಆಟದ ಲೆಕ್ಕದಲ್ಲೇ ಇರುವ ಗುಣ. ಹಳೇ ಕನ್ಸೋಲ್‌ನಲ್ಲಿ ಇನ್ನೊಂದು ಉಪಾಯ ಇದೆ: ನೆಲ ನೋಡುತ್ತಾ ಓಡಿ. ಪರದೆಯಲ್ಲಿ ಬರೆಯಬೇಕಾದ್ದು ಕಡಿಮೆಯಾದರೆ ಯಂತ್ರ ತಡವರಿಸುವುದೂ ಕಡಿಮೆ. ಸಪ್ಪಳವಿಲ್ಲದ ಪಿಪಿ7 ಪಿಸ್ತೂಲನ್ನೇ ಬಳಸಿ, ದೊಡ್ಡ ಬಂದೂಕು ಎತ್ತಿದರೆ ಸದ್ದಿಗೆ ಎಲ್ಲ ಕಾವಲುಗಾರರೂ ಬರುತ್ತಾರೆ. ಎದುರಿಗೆ ಬಂದವರನ್ನೆಲ್ಲ ಕೊಲ್ಲುತ್ತಾ ಕೂರಬೇಡಿ, ದಾರಿಗೆ ಅಡ್ಡ ನಿಂತವರನ್ನು ಮಾತ್ರ. ವಿಜ್ಞಾನಿಗಳಿಗೆ ಗುಂಡು ತಾಗದಂತೆ ನೋಡಿಕೊಳ್ಳಿ, ಅದೂ ಒಂದು ಷರತ್ತು. ಡೋಕ್ ಹತ್ತಿರದಲ್ಲಿ ಕಾಣದಿದ್ದರೆ ಯೋಚಿಸದೆ ರೀಸ್ಟಾರ್ಟ್. ಕೊನೆಯ ದೊಡ್ಡ ಕೋಣೆಯಲ್ಲಿ ಬಾಂಡ್‌ನ ಜೊತೆಗಾರ ಗೂಢಚಾರ 006ನನ್ನು ಭೇಟಿಯಾಗಿ, ಅನಿಲದ ಟ್ಯಾಂಕ್‌ಗಳಿಗೆ ರಿಮೋಟ್ ಮೈನ್ (ದೂರದಿಂದ ಸಿಡಿಸುವ ಬಾಂಬ್) ಅಂಟಿಸಿ, ಹೊರಗೆ ಹೋಗುವ ದಾರಿ ಹಿಡಿದು ಎ ಮತ್ತು ಬಿ ಒಟ್ಟಿಗೆ ಒತ್ತಿದರೆ ಎಲ್ಲ ಒಟ್ಟಿಗೆ ಸಿಡಿಯುತ್ತವೆ. ಕೈಯಲ್ಲಿರುವ ಮೈನ್ ಬದಲಿಗೆ ಅದನ್ನು ಸಿಡಿಸುವ ಕೈಗಡಿಯಾರ ತೆಗೆಯುತ್ತಾ ಕೂತರೆ ಸೆಕೆಂಡುಗಳು ಹೋಗುತ್ತವೆ, ಹಾಗಾಗಿ ಎ ಮತ್ತು ಬಿ ಬೆರಳಿಗೆ ಅಭ್ಯಾಸ ಆಗಲೇಬೇಕು. ನನಗೆ ಇದು ಸಿಕ್ಕಿದ್ದು ಹಳೇ ಕನ್ಸೋಲ್‌ನಲ್ಲಿ, ಬೇಸಿಗೆಯ ಒಂದು ಸಂಜೆ, ಕರೆಂಟ್ ಯಾವಾಗ ಹೋಗುತ್ತದೋ ಅನ್ನುವ ಭಯದಲ್ಲಿ. ಪರದೆಯ ಮೇಲೆ ಸಮಯ ಬಂದಾಗ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ನಾಲ್ಕು ಜನ ಒಟ್ಟಿಗೆ ಆಡುವುದು ಬಹಳ ಜನಕ್ಕೆ ಈ ಆಟದ ನೆನಪೇ ಆಗಿದೆ. ವಿಚಿತ್ರ ಅಂದರೆ ಅದನ್ನು ಸೇರಿಸಿದ್ದು ಕೊನೆ ಗಳಿಗೆಯಲ್ಲಿ, ಸ್ಟೀವ್ ಎಲ್ಲಿಸ್ ಅನ್ನುವವರು ಅದನ್ನು ಮಾಡಿದರು. ನಮ್ಮ ಮನೆಯ ನಿಯಮಗಳು ಇವು: ಆಡ್‌ಜಾಬ್ ಪಾತ್ರ ಯಾರೂ ತೆಗೆದುಕೊಳ್ಳುವಂತಿಲ್ಲ, ಅವನು ಕುಳ್ಳ, ಗುರಿ ಅವನ ತಲೆ ಮೇಲಿಂದ ಹೋಗುತ್ತದೆ. ಪಕ್ಕದವನ ಪರದೆ ನೋಡಬಹುದು, ಯಾಕೆಂದರೆ ನೋಡಬೇಡ ಅಂದರೆ ಯಾರೂ ಕೇಳುವುದಿಲ್ಲ, ಎಲ್ಲರೂ ನೋಡಿದರೆ ಲೆಕ್ಕ ಸರಿಯಾಗುತ್ತದೆ. ಮಂಡಕ್ಕಿ ಮಿರ್ಚಿ ತಿಂದವರು ಸೋಪು ಹಾಕಿ ಕೈ ತೊಳೆದ ಮೇಲೆಯೇ ಕಂಟ್ರೋಲರ್ ಮುಟ್ಟಬೇಕು. ಎಣ್ಣೆ ಬಟನ್ ಸಂದಿಗೆ ಇಳಿದರೆ ಬಿಚ್ಚಿ ಒರೆಸುವವನು ನಾನು ತಾನೇ. ಮ್ಯಾಪ್‌ಗಳಲ್ಲಿ ನಮಗೆ ಇಷ್ಟ ಕಾಂಪ್ಲೆಕ್ಸ್ ಮತ್ತು ಟೆಂಪಲ್. ಪ್ರಾಕ್ಸಿಮಿಟಿ ಮೈನ್ (ಹತ್ತಿರ ಹೋದರೆ ಸಿಡಿಯುವ ಬಾಂಬ್) ಹಾಕಿಕೊಂಡು ಕಾಂಪ್ಲೆಕ್ಸ್ ಆಡಿದರೆ ಮನೆಯಲ್ಲಿ ಗಲಾಟೆ ಗ್ಯಾರಂಟಿ. ಜಂಪ್ ಇಲ್ಲ ಅಂತ ಗೊಣಗುತ್ತಿದ್ದ ಹುಡುಗ ಇಲ್ಲಿ ಆ ಮಾತನ್ನೇ ಮರೆತ. ಹಳೇ ಕನ್ಸೋಲ್‌ನಲ್ಲಿ ನಾಲ್ಕು ಜನ ಇದ್ದು ಸ್ಫೋಟ ಆದರೆ ಚಿತ್ರ ತೆವಳುತ್ತದೆ, ಇದನ್ನು ಯಾವ ಅಭಿಮಾನಿಯೂ ಮುಚ್ಚಿಡಬಾರದು. ಎಕ್ಸ್‌ಬಾಕ್ಸ್‌ನಲ್ಲಿ ಆ ತೊಂದರೆ ಇಲ್ಲ. ಜನ ಕಡಿಮೆ ಇದ್ದ ದಿನ ರೇರ್ ಕಂಪನಿಯದ್ದೇ 2000ದ ಪರ್ಫೆಕ್ಟ್ ಡಾರ್ಕ್ ಹಾಕುತ್ತೇವೆ, ಅದರಲ್ಲಿ ಕಂಪ್ಯೂಟರ್ ಆಟಗಾರರನ್ನು ಸೇರಿಸಿಕೊಳ್ಳಬಹುದು.

ಎಲ್ಲರೂ ಒಂದೇ ದನಿಯಲ್ಲಿ ಬೈದದ್ದು ಕಂಟ್ರೋಲ್ ಲೆವೆಲ್ಲನ್ನು. ಬಾಂಡ್‌ಗೆ ನೆರವಾಗುವ ನತಾಲ್ಯಾ ಕಂಪ್ಯೂಟರ್ ಮುಂದೆ ನಿಂತು ಕೆಲಸ ಮಾಡುವವರೆಗೆ ಅವಳನ್ನು ಕಾಯಬೇಕು. ಕಾವಲುಗಾರರು ಬರುತ್ತಲೇ ಇರುತ್ತಾರೆ, ಅವಳಿಗೆ ಎಷ್ಟು ಪೆಟ್ಟು ಬಿದ್ದಿದೆ ಅಂತ ಎಲ್ಲೂ ಕಾಣುವುದಿಲ್ಲ, ಅವಳು ಸತ್ತರೆ ಲೆವೆಲ್ ಹೋಯಿತು. ಇದರಲ್ಲಿ ನಾನೂ ಅವರ ಜೊತೆಗೇ ಇದ್ದೇನೆ, ಇದು ಕೆಟ್ಟದಾಗಿ ಮಾಡಿದ ಲೆವೆಲ್. ಸರ್ಫೇಸ್ ಲೆವೆಲ್ಲಿನ ಮಂಜನ್ನೂ ಕೆಲವರು ಬೈದರು, ದೂರದ್ದು ಕಾಣದಂತೆ ಯಂತ್ರದ ಮಿತಿ ಮುಚ್ಚಲು ಹಾಕಿದ ಮಂಜು ಅದು. ನನಗೆ ಅದು ಆ ಹಿಮದ ಜಾಗಕ್ಕೆ ಸರಿಯಾಗಿಯೇ ಹೊಂದುತ್ತದೆ ಅನಿಸುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಒಮ್ಮತ ಆಗಿಲ್ಲ. ಅಕ್ಕನ ಮಗ ಈಗ ಆರ್ಕೈವ್ಸ್ ಲೆವೆಲ್ ಹಿಡಿದಿದ್ದಾನೆ, 00 ಏಜೆಂಟ್‌ನಲ್ಲಿ 1 ನಿಮಿಷ 20 ಸೆಕೆಂಡಿನ ಒಳಗೆ ಮುಗಿಸಬೇಕು. ಅದೂ 1.2 ಸೆಟ್ಟಿಂಗ್‌ನಲ್ಲಿ, ಹಳೇ ಕನ್ಸೋಲ್‌ನಲ್ಲೇ ಬೇಕಂತೆ.