ಪಿಎಚ್‌ಡಿ ವಿದ್ಯಾರ್ಥಿಗಳನ್ನು ಪಾಠಕ್ಕೆ ಸಜ್ಜು ಮಾಡುವುದು ಹೇಗೆ?

ಸಂಶೋಧನೆಗೆ ಸೇರಿದವರಿಗೆ ಡಿಗ್ರಿ ತರಗತಿ ವಹಿಸುವಾಗ ಎಷ್ಟೋ ವಿಭಾಗಗಳು ಹಳೆಯ ಸ್ಲೈಡ್ ಫೈಲು, ಪ್ರೊಜೆಕ್ಟರ್ ರಿಮೋಟ್ ಕೊಟ್ಟು ಸುಮ್ಮನಾಗುತ್ತವೆ. ಪಾಠ ಮಾಡುವುದನ್ನೂ ಕಲಿಸಬೇಕು ಅಲ್ವಾ? ಗೈಡ್‌ಗಳು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವೇನಲ್ಲ.

ಮೊದಲು ಲ್ಯಾಪ್‌ಟಾಪ್ ಮುಚ್ಚಿಸಿ, ಒಂದು ಪ್ರಶ್ನೆ ಬರೆಸಿ. ಭೌತಶಾಸ್ತ್ರದ ತರಗತಿಯಾದರೆ ಹೀಗೆ: ಬ್ಯಾಟರಿಗೆ ಒಂದು ಬಲ್ಬ್ ಜೋಡಿಸಿದೆ, ಅದಕ್ಕೆ ಸಮಾಂತರವಾಗಿ (ಪ್ಯಾರಲಲ್) ಅಂಥದ್ದೇ ಇನ್ನೊಂದು ಹಾಕಿದರೆ ಮೊದಲನೆಯದರ ಬೆಳಕು ಏನಾಗುತ್ತದೆ? ಕರೆಂಟ್ ಹಂಚಿಹೋಗಿ ಮಂಕಾಗುತ್ತದೆ ಅಂತ ತುಂಬಾ ಮಕ್ಕಳು ಹೇಳುತ್ತಾರೆ. ಇಂಥ ತಪ್ಪು ಉತ್ತರಗಳನ್ನು ಮೊದಲೇ ಊಹಿಸಿ ಬರೆದಿಡಲು ಹೇಳಿ.

ಆಮೇಲೆ ತಂತ್ರಜ್ಞಾನ. ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ, ಕಂಪ್ಯೂಟರ್ ಪರದೆಯಲ್ಲೇ ಪ್ರಯೋಗ ಮಾಡಿ ನೋಡುವ 'ಫೆಟ್' ಸಿಮ್ಯುಲೇಷನ್‌ಗಳು ಉಚಿತ. ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ. ಆದರೆ ತೋರಿಸುವ ಮೊದಲು ಎಲ್ಲರಿಂದಲೂ ಉತ್ತರ ಪಡೆಯಲೇಬೇಕು. ಕೈ ಎತ್ತಿಸಿದರೆ ಪಕ್ಕದವರನ್ನು ನೋಡಿ ಎತ್ತುತ್ತಾರೆ, ಅದಕ್ಕೆ ಮೊಬೈಲಿನಲ್ಲಿ ಪೋಲ್ ಮಾಡಿಸಿ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ: ಸರಿ ಉತ್ತರ ಸುಮಾರು ಶೇ 30ರಿಂದ 70ರ ನಡುವೆ ಇದ್ದರೆ ಪಕ್ಕದವರ ಜತೆ ವಾದ ಮಾಡಲು ಬಿಟ್ಟು ಮತ್ತೆ ಪೋಲ್ ಮಾಡಿ, ಅದಕ್ಕಿಂತ ಕಡಿಮೆ ಇದ್ದರೆ ವಿಷಯವನ್ನೇ ಇನ್ನೊಮ್ಮೆ ಬಿಡಿಸಿ ಹೇಳಿ, ಜಾಸ್ತಿ ಇದ್ದರೆ ಮುಂದಕ್ಕೆ ಹೋಗಿ.

ಈಗ ಸಿಮ್ಯುಲೇಷನ್ ತೆರೆಯಲಿ. ಬಲ್ಬ್ ಮಂಕಾಗುವುದಿಲ್ಲ. ಅಷ್ಟಕ್ಕೇ ನಿಲ್ಲಬಾರದು, ನಿಜವಾದ ಶೆಲ್ಲು, ಬಲ್ಬುಗಳನ್ನು ಮೇಜಿನ ಮೇಲಿಟ್ಟು ಅದನ್ನೇ ಮಾಡಿಸಿ. ಇಲ್ಲಿ ಸ್ವಲ್ಪ ಮಂಕಾಗಬಹುದು, ಯಾಕೆಂದರೆ ಶೆಲ್ಲಿಗೆ ಒಳರೋಧ (ಕರೆಂಟಿಗೆ ಅದರೊಳಗೇ ಆಗುವ ತಡೆ) ಇದೆ, ಸಿಮ್ಯುಲೇಷನ್‌ನಲ್ಲಿ ಅದನ್ನು ಸೊನ್ನೆಗೆ ಇಟ್ಟಿರುತ್ತಾರೆ. ಅಲ್ಲಿಯೂ ಬ್ಯಾಟರಿಯ ರೋಧ ಹೆಚ್ಚಿಸಿ ನೋಡಿದರೆ ಬೆಳಕು ಇಳಿಯುತ್ತದೆ. ಮಾದರಿಗೂ ವಾಸ್ತವಕ್ಕೂ ಇರುವ ಈ ವ್ಯತ್ಯಾಸವನ್ನು ಸಂಶೋಧನೆ ಮಾಡುವವರಷ್ಟು ಚೆನ್ನಾಗಿ ಇನ್ಯಾರು ಹೇಳಿಕೊಡಬಲ್ಲರು!

ತರಗತಿಗೆ ಹೋಗುವ ಮುಂಚೆ ಹತ್ತು ನಿಮಿಷದ ಪಾಠವನ್ನು ಲ್ಯಾಬಿನ ಗೆಳೆಯರ ಮುಂದೆ ಮಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದರು, ಎಷ್ಟು ಸಲ ಪರದೆಯ ಕಡೆ ತಿರುಗಿ ಮಾತಾಡಿದರು ಅನ್ನೋದನ್ನು ಅವರೇ ನೋಡಿ ಗುರುತು ಮಾಡಿಕೊಳ್ಳಲಿ.

ಮೊದಲ ತರಗತಿಗೆ ಗೈಡ್ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ಮಕ್ಕಳ ಮುಖ ನೋಡಬೇಕು, ನಡುವೆ ಬಾಯಿ ಹಾಕಬಾರದು. ಆಮೇಲೆ ಪೋಲ್‌ನ ಉತ್ತರಗಳನ್ನು ಇಬ್ಬರೂ ಕೂತು ನೋಡಿ, ಜಾಸ್ತಿ ಜನ ಎಡವಿದ ಜಾಗದಿಂದಲೇ ಮುಂದಿನ ಪಾಠದ ಪ್ರಶ್ನೆ ಬರೆಯಿರಿ.