ಸರ್ಕಾರಿ ಬಾಲಮಂದಿರಕ್ಕೆ ಸೇರಿಸಿದವರ ಹಳೇ ದಾಖಲೆ ಹುಡುಕುವ ಬಗೆ

ಬುದ್ಧಿಮಾಂದ್ಯರೆಂದು ಹಿಂದೆ ಸರ್ಕಾರಿ ಬಾಲಮಂದಿರಕ್ಕೋ ಆಸ್ಪತ್ರೆಗೋ ಸೇರಿಸಿದ್ದ ನಿಮ್ಮ ಮನೆಯವರೊಬ್ಬರ ದಾಖಲೆ ಬೇಕಿದ್ದರೆ ಮೊದಲು ಸೇರಿಸಿದ ವರ್ಷ ಗೊತ್ತುಮಾಡಿಕೊಳ್ಳಿ. ಹೆಸರನ್ನಷ್ಟೇ ನಂಬಬೇಡಿ. ಮಾತು ಬಾರದ ಮಗುವನ್ನು ಪೊಲೀಸರು ತಂದು ಬಿಟ್ಟಿದ್ದರೆ ಸಿಬ್ಬಂದಿಯೇ ಒಂದು ಹೆಸರಿಟ್ಟಿರಬಹುದು.

ಯಾವ ಕಚೇರಿಗೆ ಹೋಗಬೇಕೆಂದು ವರ್ಷವೇ ಹೇಳುತ್ತದೆ. ಕಲ್ಯಾಣ ಕರ್ನಾಟಕದ ಕಡೆ 1948ಕ್ಕೆ ಮುಂಚಿನ ನಿಜಾಮ ಸರ್ಕಾರದ ಕಾಗದ ಹೆಚ್ಚಾಗಿ ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿ (ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ) ಇರುತ್ತದೆ. ಫಸಲಿಗೆ 590 ಕೂಡಿಸಿ: 1350 ಅಂದರೆ 1940–41. ಇವಕ್ಕೆ ಹೈದರಾಬಾದಿನ ತಾರ್ನಾಕಾದ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ಅಲ್ಲಿಯವರ ಹಳೇ ಕಡತವನ್ನು ಗುಲ್ಬರ್ಗಾ ಹೆಸರಿನಡಿ ಹುಡುಕಬೇಕು. ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆಯಿಂದ ಬೇರ್ಪಡಿಸಿದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ. ಅದಕ್ಕೂ ಹಿಂದಿನವರಾದರೆ ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲೂ ಕೇಳಿ.

ಮಂದಿರದಲ್ಲಿ ದಾಖಲಾತಿ ರಿಜಿಸ್ಟರೇ ಮೂಲ. ಕ್ರಮ ಸಂಖ್ಯೆ, ತಾರೀಖು, ಕಳಿಸಿದ ಆದೇಶದ ನಂಬರು, ಮೈಮೇಲಿನ ಗುರುತು ನೋಡಿ. ಹೆಸರು ತಪ್ಪಿದ್ದರೂ ಎಡಗೆನ್ನೆಯ ಮಚ್ಚೆ ತಪ್ಪಿರಲಿಕ್ಕಿಲ್ಲ. ಕೊನೆಯ ಷರಾ (ಟಿಪ್ಪಣಿ) ಕಾಲಂ ಬಿಡದೆ ಓದಿ. ಬಿಡುಗಡೆ, ವರ್ಗಾವಣೆ, ಮರಣ ಬರೆಯುವುದು ಅಲ್ಲೇ. ಷರಾ ಖಾಲಿಯಿದ್ದರೆ ಹೆಸರುವಾರು ಹಾಜರಿ ಪುಸ್ತಕ ಕೇಳಿ. ಅದರಲ್ಲಿ ಹೆಸರು ಯಾವ ತಿಂಗಳಿಂದ ಕಾಣುವುದಿಲ್ಲವೋ, ಆ ತಿಂಗಳ ಆವಕ-ಜಾವಕ ವಹಿ (ಬಂದ-ಹೋದ ಪತ್ರಗಳ ಪುಸ್ತಕ) ತೆಗೆಸಿ.

ಕಚೇರಿಯವರು ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಎಲ್ಲಾ ದಾಖಲೆ ಕೊಡಿ’ ಎಂದರೆ ಅರ್ಜಿ ಬಿದ್ದುಹೋಗುತ್ತದೆ. ‘1978ರಿಂದ 1981ರವರೆಗಿನ ದಾಖಲಾತಿ ರಿಜಿಸ್ಟರಿನ ಇಂಥವರ ನಮೂದು’ ಎಂದು ಬರೆಯಿರಿ. ಖಾಸಗಿ ಮಾಹಿತಿ ಎಂದು ತಳ್ಳಿಹಾಕದಂತೆ ವಂಶವೃಕ್ಷ ಲಗತ್ತಿಸಿ, 20 ವರ್ಷ ದಾಟಿದ ಸಂಗತಿಯಾದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(3) ನಮೂದಿಸಿ. ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ‘ಕಡತ ಲಭ್ಯವಿಲ್ಲ’ ಎಂದು ಬಂದರೆ ಅಲ್ಲಿಗೇ ಕೈಬಿಡಬೇಡಿ, ನಾಶಪಡಿಸಿದ ಕಡತಗಳ ಪಟ್ಟಿ ಮತ್ತು ಆದೇಶದ ಪ್ರತಿ ಕೇಳಿ. ನಾಶ ಮಾಡಿದ್ದಕ್ಕೂ ಕಾಗದ ಇರಬೇಕು.

ಕಡತ ಕಟ್ಟಿದ ರುಮಾಲು ಬಿಚ್ಚಿದಾಗ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬೇಡಿ, ಹರಿದಲ್ಲಿ ಸೆಲ್ಲೋ ಟೇಪು ಅಂಟಿಸಬೇಡಿ. ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಅನುಮತಿ ಪಡೆದು ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ, ಮೊದಲು ರಿಜಿಸ್ಟರಿನ ರಟ್ಟಿನದು, ಆಮೇಲೆ ಪುಟದ್ದು. ಅದೇ ಪುಟದ ಉಳಿದವರ ಹೆಸರು ಮುಚ್ಚದೆ ಯಾರಿಗೂ ಕಳಿಸಬೇಡಿ. ಅವರಲ್ಲಿ ಕೆಲವರು ಇನ್ನೂ ಬದುಕಿರಬಹುದು, ಅವರ ಮಾನವೂ ದೊಡ್ಡದು.

ಷರಾದಲ್ಲಿ ವರ್ಗಾವಣೆ ಎಂದಿದ್ದರೆ ಆದೇಶದ ನಂಬರು ಹಿಡಿದು ಹೊಸ ಮಂದಿರದ ದಾಖಲಾತಿ ರಿಜಿಸ್ಟರಿನಿಂದ ಮತ್ತೆ ಶುರುಮಾಡಿ. ಮರಣ ಎಂದಿದ್ದರೆ ಆ ತಾರೀಖಿನೊಂದಿಗೆ ಅಲ್ಲಿನ ಜನನ-ಮರಣ ನೋಂದಣಾಧಿಕಾರಿಗೆ ಅರ್ಜಿ ಕೊಡಿ.